ಕೆಕ್ಕೊನೆನ್ ಅಷ್ಟು ವರ್ಷ ಅಧಿಕಾರದಲ್ಲಿದ್ದದ್ದು ಫಿನ್‌ಲೆಂಡ್‌ಗೆ ಒಳ್ಳೆಯದಾಯಿತೇ?

ಉರ್ಹೊ ಕೆಕ್ಕೊನೆನ್ 1956ರ ಮಾರ್ಚ್ 1ರಂದು ಫಿನ್‌ಲೆಂಡ್ ಅಧ್ಯಕ್ಷರಾದರು. ಅವರ ಅವಧಿ ಮುಗಿದದ್ದು 1982ರ ಜನವರಿಯಲ್ಲಿ. ಹತ್ತಿರ ಹತ್ತಿರ 26 ವರ್ಷ. ಆ ದೇಶದ ಒಂದಿಡೀ ತಲೆಮಾರು ಬೇರೆ ಅಧ್ಯಕ್ಷರನ್ನು ಕಾಣದೆಯೇ ಬೆಳೆಯಿತು. ಎರಡೂ ಕಡೆಯ ವಾದವನ್ನು ಇಲ್ಲಿ ಬರೆದಿದ್ದೇನೆ. ಎರಡರಲ್ಲೂ ಸತ್ಯವಿದೆ. ಆದರೆ ಎರಡಕ್ಕೂ ಒಂದೇ ತೂಕ ಇದೆ ಅಂತ ನನಗೆ ಅನ್ನಿಸುವುದಿಲ್ಲ.

ಪರ: ಮೊದಲು ದೇಶ ಉಳಿಯಬೇಕಿತ್ತು

ಫಿನ್‌ಲೆಂಡ್ ನಕ್ಷೆಯ ಪೂರ್ವದ ಗಡಿಯ ಮೇಲೆ ಬೆರಳಾಡಿಸಿ ನೋಡಿ. ಸುಮಾರು 1,300 ಕಿಲೋಮೀಟರ್. ಅದರಾಚೆ ಇದ್ದದ್ದು ಸೋವಿಯತ್ ಒಕ್ಕೂಟ. 1939ರಿಂದ 1944ರ ಒಳಗೆ ಅದರ ಜೊತೆ ಎರಡು ಯುದ್ಧ ನಡೆದವು. ಫಿನ್‌ಲೆಂಡ್ ತನ್ನ ನೆಲದ ಸುಮಾರು ಹತ್ತನೇ ಒಂದು ಭಾಗ ಕಳೆದುಕೊಂಡಿತು. ಕರೇಲಿಯಾದ 4 ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಬಂದರು. ಹೆಲ್ಸಿಂಕಿಯ ಪಕ್ಕದ ಪೊರ್ಕಲಾವನ್ನು ಸೋವಿಯತ್ ಸೇನೆ 50 ವರ್ಷದ ಗುತ್ತಿಗೆಗೆ ತೆಗೆದುಕೊಂಡಿತು. ರಾಜಧಾನಿಯಿಂದ ಅರ್ಧ ಗಂಟೆ ದೂರದಲ್ಲಿ ಪರದೇಶದ ಫಿರಂಗಿ ಅಂದರೆ ಹೇಗಿರುತ್ತದೆ, ಯೋಚಿಸಿ.

ಕೆಕ್ಕೊನೆನ್ ಹುಟ್ಟಾ ರಷ್ಯಾಪ್ರೇಮಿ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. 1918ರ ಫಿನ್‌ಲೆಂಡ್ ಅಂತರ್ಯುದ್ಧದಲ್ಲಿ ಅವರು ಎಡಪಂಥೀಯರ ಕೆಂಪು ಪಡೆಯ ವಿರುದ್ಧ ಹೋರಾಡಿದ ಹದಿನೇಳರ ಹುಡುಗ. ಹಮೀನಾದಲ್ಲಿ ಕೈದಿಗಳಿಗೆ ಗುಂಡಿಕ್ಕಿದ ತಂಡಕ್ಕೆ ಆಜ್ಞೆ ಕೊಟ್ಟವರೂ ಅವರೇ. ಆಮೇಲೆ ಕಮ್ಯುನಿಸ್ಟರ ಮೇಲೆ ಕಣ್ಣಿಡುವ ಪೊಲೀಸ್ ಇಲಾಖೆಯಲ್ಲಿ ದುಡಿದರು. 1940ರಲ್ಲಿ ಮಾಸ್ಕೋ ಜೊತೆ ಶಾಂತಿ ಒಪ್ಪಂದ ಬಂದಾಗ ಅದರ ವಿರುದ್ಧವೇ ಮತ ಹಾಕಿದರು. ಆದರೆ ಯುದ್ಧದ ನಡುವೆಯೇ ಅವರ ಮನಸ್ಸು ಬದಲಾಯಿತು. ಜರ್ಮನಿ ಸೋಲುತ್ತದೆ, ನೆರೆಯವನನ್ನು ಬದಲಾಯಿಸಲು ಆಗುವುದಿಲ್ಲ, ಬದುಕಬೇಕಾದರೆ ಅವನ ಭಯವನ್ನು ಕಡಿಮೆ ಮಾಡಬೇಕು. 1943ರ ಹೊತ್ತಿಗೆ ಇದನ್ನು ಬಾಯಿಬಿಟ್ಟು ಹೇಳಿದ ಕೆಲವೇ ರಾಜಕಾರಣಿಗಳಲ್ಲಿ ಅವರೊಬ್ಬರು. ಕಣ್ಣೆದುರಿನ ನಿಜ ಕಂಡು ಅಭಿಪ್ರಾಯ ಬದಲಿಸುವುದು ಹೇಡಿತನ ಅಲ್ಲ.

‘ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು’ ಅಂತಾರಲ್ಲ, ಅವರ ವಿದೇಶಾಂಗ ನೀತಿಯೇ ಅದು. 1955ರಲ್ಲಿ ಪ್ರಧಾನಿಯಾಗಿ, ಅಂದಿನ ಅಧ್ಯಕ್ಷ ಪಾಸಿಕಿವಿ ಜೊತೆ ಮಾಸ್ಕೋಗೆ ಹೋದರು. ಪೊರ್ಕಲಾ ಅವಧಿಗೆ ಮೊದಲೇ ವಾಪಸ್ ಬಂತು. 1960ರಲ್ಲಿ ಅವರ 60ನೇ ಹುಟ್ಟುಹಬ್ಬಕ್ಕೆ ಸೋವಿಯತ್ ನಾಯಕ ಕ್ರುಶ್ಚೇವ್ ಬಂದಾಗ, ತಮ್ಮಿನಿಯೆಮಿಯ ಮನೆಯಲ್ಲಿ ಬೆಳಗಿನ ಜಾವದವರೆಗೆ ಸೌನಾದಲ್ಲಿ ಕೂರಿಸಿ ಮಾತಾಡಿದರು. ಸೌನಾ ಅಂದರೆ ಕಾದ ಕಲ್ಲಿಗೆ ನೀರೆರೆದು ಹಬೆಯಲ್ಲಿ ಕೂರುವ ಸ್ನಾನದ ಮನೆ. ಅಲ್ಲಿ ಪದವಿ, ಪೋಷಾಕು ಏನೂ ಇರುವುದಿಲ್ಲ. ಮರುವರ್ಷವೇ ಫಿನ್‌ಲೆಂಡ್ ಪಶ್ಚಿಮ ಯುರೋಪಿನ ವ್ಯಾಪಾರ ಒಕ್ಕೂಟ ಎಫ್ಟಾದ ಸಹಸದಸ್ಯ ಆಯಿತು. ಮಾಸ್ಕೋ ತಡೆಯಲಿಲ್ಲ.

1961ರ ಅಕ್ಟೋಬರ್ 30ರಂದು ಮಾಸ್ಕೋದಿಂದ ಪತ್ರ ಬಂತು. ಪಶ್ಚಿಮ ಜರ್ಮನಿಯಿಂದ ಅಪಾಯವಿದೆ, ಎರಡೂ ದೇಶಗಳ ನಡುವಿನ 1948ರ ಸ್ನೇಹ ಒಪ್ಪಂದದ ಪ್ರಕಾರ ಮಿಲಿಟರಿ ಸಮಾಲೋಚನೆ ಆಗಲಿ ಅಂತ. ಆಗ ಅಮೆರಿಕ ಪ್ರವಾಸದಲ್ಲಿದ್ದ ಕೆಕ್ಕೊನೆನ್ ಹವಾಯಿಯಲ್ಲಿದ್ದರು. ಸಮಾಲೋಚನೆ ನಡೆದಿದ್ದರೆ ಸೋವಿಯತ್ ಸೈನ್ಯ ಮತ್ತೆ ಒಳಗೆ ಕಾಲಿಡುವ ದಾರಿ ತೆರೆಯುತ್ತಿತ್ತು. ಅವರು ಸೈಬೀರಿಯಾದ ನೊವೊಸಿಬಿರ್ಸ್ಕ್‌ಗೆ ಹೋಗಿ ಕ್ರುಶ್ಚೇವ್ ಜೊತೆ ಕೂತು ಮಾತಾಡಿದರು. ಸಮಾಲೋಚನೆ ಮುಂದಕ್ಕೆ ಹೋಯಿತು. ಆಮೇಲೆ ನಡೆಯಲೇ ಇಲ್ಲ.

1973ರಲ್ಲಿ ಯುರೋಪಿನ ಸಾಮಾನ್ಯ ಮಾರುಕಟ್ಟೆಯ ಜೊತೆ ಮುಕ್ತ ವ್ಯಾಪಾರ. 1975ರಲ್ಲಿ 35 ದೇಶಗಳ ನಾಯಕರು ಹೆಲ್ಸಿಂಕಿಯಲ್ಲೇ ಕೂತು ಯುರೋಪಿನ ಭದ್ರತೆಯ ದಾಖಲೆಗೆ ಸಹಿ ಹಾಕಿದರು. ಆ ದಾಖಲೆಯಲ್ಲಿ ಮಾನವ ಹಕ್ಕುಗಳ ಮಾತೂ ಇತ್ತು. ಮುಂದೆ ಪೂರ್ವ ಯುರೋಪಿನ ಭಿನ್ನಮತೀಯರು ಅದನ್ನೇ ಹಿಡಿದು ತಮ್ಮ ಸರ್ಕಾರಗಳನ್ನು ಪ್ರಶ್ನಿಸಿದರು. ಬಾಲ್ಟಿಕ್ ದೇಶಗಳು ಸೋವಿಯತ್ ಹೊಟ್ಟೆಗೆ ಹೋದವು. ಹಂಗೆರಿಗೆ, ಜೆಕೊಸ್ಲೊವಾಕಿಯಾಕ್ಕೆ ಟ್ಯಾಂಕ್ ಬಂತು. ಫಿನ್‌ಲೆಂಡ್‌ನಲ್ಲಿ ಚುನಾವಣೆ ನಡೆಯುತ್ತಲೇ ಇತ್ತು, ಶಾಲೆ ಆಸ್ಪತ್ರೆಗಳು ಏಳುತ್ತಲೇ ಇದ್ದವು. ಆ ಕಾಲದಲ್ಲಿ ಅಲ್ಲಿ ಮಕ್ಕಳನ್ನು ಬೆಳೆಸುತ್ತಿದ್ದವರಿಗೆ ಇದಕ್ಕಿಂತ ಜಾಸ್ತಿ ಏನು ಬೇಕಿತ್ತು?

ವಿರೋಧ: ದೇಶ ಉಳಿಯಿತು, ಆದರೆ ಪ್ರಶ್ನೆ ಕೇಳುವುದು ನಿಂತಿತು

ಕೆಕ್ಕೊನೆನ್ ಚತುರರು ಅನ್ನುವುದನ್ನು ನಾನೂ ಒಪ್ಪುತ್ತೇನೆ. ನನ್ನ ತಕರಾರು ಅಲ್ಲಿಲ್ಲ. ಮಾಸ್ಕೋವನ್ನು ಸಂಭಾಳಿಸುವುದು ಒಂದು ಕೆಲಸ. ‘ನಾನೊಬ್ಬನೇ ಸಂಭಾಳಿಸಬಲ್ಲೆ’ ಅಂತ ಇಡೀ ದೇಶವನ್ನು ನಂಬಿಸುವುದು ಬೇರೆಯೇ ಕೆಲಸ. ಅವರು ಎರಡನ್ನೂ ಮಾಡಿದರು.

1956ರಲ್ಲಿ ಅವರು ಗೆದ್ದದ್ದು ಎಷ್ಟರಿಂದ ಗೊತ್ತಾ? 300 ಜನರ ಆಯ್ಕೆ ಮಂಡಳಿಯಲ್ಲಿ 151 ಮತ. ಎದುರಾಳಿ ಫಾಗರ್‌ಹೋಲ್ಮ್ ಅವರಿಗೆ 149. ಅರ್ಧ ದೇಶ ಅವರನ್ನು ಬಯಸಿರಲಿಲ್ಲ. 1978ರಲ್ಲಿ ಅದೇ ಮಂಡಳಿಯಲ್ಲಿ 259 ಮತ. ದೊಡ್ಡ ಪಕ್ಷಗಳೆಲ್ಲ ಅವರನ್ನೇ ತಮ್ಮ ಅಭ್ಯರ್ಥಿ ಅಂದವು. ಇದು ಪ್ರೀತಿ ಬೆಳೆದದ್ದರ ಲೆಕ್ಕ ಮಾತ್ರ ಅಲ್ಲ. ನಡುವೆ ಏನಾಯಿತು ಅಂತ ನೋಡಬೇಕು.

1958ರಲ್ಲಿ ಫಾಗರ್‌ಹೋಲ್ಮ್ ಪ್ರಧಾನಿಯಾದರು. ಸಂಸತ್ತಿನಲ್ಲಿ ಅವರಿಗೆ ದೊಡ್ಡ ಬಹುಮತ ಇತ್ತು. ಮಾಸ್ಕೋಗೆ ಆ ಸರ್ಕಾರ ಇಷ್ಟವಾಗಲಿಲ್ಲ. ಸೋವಿಯತ್ ರಾಯಭಾರಿ ಊರಿಗೆ ಹೋದರು, ವ್ಯಾಪಾರದ ಮಾತುಕತೆ ನಿಂತಿತು. ಫಿನ್ನರು ಇದನ್ನು ‘ರಾತ್ರಿಯ ಹಿಮ’ ಅಂತ ಕರೆದರು, ಬೆಳೆದು ನಿಂತ ಪೈರನ್ನು ಒಂದೇ ರಾತ್ರಿಯಲ್ಲಿ ಸುಡುವ ಹಿಮ. ಅಧ್ಯಕ್ಷರು ತಮ್ಮ ಪ್ರಧಾನಿಯ ಬೆನ್ನಿಗೆ ನಿಲ್ಲಲಿಲ್ಲ. ಸರ್ಕಾರ ಬಿತ್ತು. ಜನ ಆರಿಸಿದ ಸಂಸತ್ತಿನ ಬಹುಮತಕ್ಕಿಂತ ಹೊರಗಿನವರ ಮುನಿಸು ದೊಡ್ಡದು ಅನ್ನುವ ಪಾಠವನ್ನು ಎಲ್ಲ ಪಕ್ಷಗಳೂ ಕಲಿತವು.

ಇನ್ನು 1961ರ ಆ ಪತ್ರ. ಅದು ಬಂದದ್ದು ಅಧ್ಯಕ್ಷ ಚುನಾವಣೆಗೆ ಮೂರು ತಿಂಗಳೂ ಇಲ್ಲದಾಗ. ಕೆಕ್ಕೊನೆನ್ ವಿರುದ್ಧ ಹಲವು ಪಕ್ಷ ಸೇರಿ ಓಲಾವಿ ಹೊಂಕಾ ಅವರನ್ನು ನಿಲ್ಲಿಸಿದ್ದವು. ನೊವೊಸಿಬಿರ್ಸ್ಕ್ ಭೇಟಿಯ ಸುದ್ದಿ ಬಂದ ದಿನವೇ ಹೊಂಕಾ ಕಣದಿಂದ ಹಿಂದೆ ಸರಿದರು. ಆ ಪತ್ರದ ವಿಷಯ ಕೆಕ್ಕೊನೆನ್‌ಗೆ ಮೊದಲೇ ಗೊತ್ತಿತ್ತೇ ಅಂತ ಇತಿಹಾಸಕಾರರು ಇನ್ನೂ ವಾದಿಸುತ್ತಾರೆ. ಗೊತ್ತಿರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೂ ಒಬ್ಬ ಅಭ್ಯರ್ಥಿ ಜನರ ಮತದಿಂದಲ್ಲ, ಪರದೇಶದ ಪತ್ರದಿಂದ ಸೋತ. ಈ ಗಾಯ ಸುಮ್ನೆ ಮಾಯುವಂಥದ್ದಲ್ಲ.

1973ರದ್ದು ನನಗೆ ಇನ್ನೂ ಭಾರವಾಗಿ ಕಾಣುತ್ತದೆ. ಚುನಾವಣೆಯನ್ನೇ ಬಿಟ್ಟು, ವಿಶೇಷ ಕಾನೂನು ಮಾಡಿ ಅವರ ಅವಧಿಯನ್ನು ನಾಲ್ಕು ವರ್ಷ ಹಿಗ್ಗಿಸಿದರು. ಸಂಸತ್ತಿನಲ್ಲಿ ಪರವಾಗಿ 170, ವಿರುದ್ಧ 28. ಯುರೋಪಿನ ಮಾರುಕಟ್ಟೆಯ ಜೊತೆ ವ್ಯಾಪಾರ ಬೇಕಾದರೆ ಮಾಸ್ಕೋಗೆ ಕೆಕ್ಕೊನೆನ್ ಎಂಬ ಭರವಸೆ ಬೇಕು ಅನ್ನುವುದು ಅದಕ್ಕೆ ಕೊಟ್ಟ ಕಾರಣ. ಯುದ್ಧ ಇರಲಿಲ್ಲ, ತುರ್ತು ಪರಿಸ್ಥಿತಿ ಇರಲಿಲ್ಲ. ಒಂದು ವ್ಯಾಪಾರ ಒಪ್ಪಂದಕ್ಕಾಗಿ ಜನರ ಮತದ ಹಕ್ಕನ್ನು ಒತ್ತೆ ಇಟ್ಟರು.

‘ಬಗ್ಗಿದವನಿಗೆ ಇನ್ನೊಂದು ಗುದ್ದು’ ಅನ್ನುವ ಗಾದೆಯೂ ನಮ್ಮಲ್ಲಿದೆ. ಒಮ್ಮೆ ಬಗ್ಗಿದ ಮೇಲೆ ಬಗ್ಗುವುದೇ ಅಭ್ಯಾಸವಾಯಿತು. ರಾಜಕಾರಣಿಗಳಿಗೆ ಸೋವಿಯತ್ ರಾಯಭಾರ ಕಚೇರಿಯಲ್ಲಿ ಒಬ್ಬೊಬ್ಬ ಆಪ್ತ ಇರುತ್ತಿದ್ದ. ‘ಮನೆ ರಷ್ಯನ್’ ಅಂತ ಜನ ಕರೆಯುತ್ತಿದ್ದರು. ಬಲಪಂಥದ ದೊಡ್ಡ ಪಕ್ಷ ಕೊಕೊಮುಸ್ 1966ರಿಂದ 1987ರವರೆಗೆ ಸರ್ಕಾರದ ಹೊರಗೇ ಉಳಿಯಿತು. ಯಾಕೆ ಅಂದರೆ ‘ಸಾಮಾನ್ಯ ಕಾರಣಗಳು’ ಅನ್ನುವ ಉತ್ತರ. ಮಾಸ್ಕೋದ ಮುನಿಸೇ ಅದು ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಸೋವಿಯತ್ ಸೆರೆ ಶಿಬಿರಗಳ ಬಗ್ಗೆ ಸೊಲ್ಝೆನಿತ್ಸಿನ್ ಬರೆದ ‘ಗುಲಾಗ್ ದ್ವೀಪಸ್ತೋಮ’ದ ಫಿನ್ನಿಶ್ ಅನುವಾದ ಮೊದಲು ಪ್ರಕಟವಾದದ್ದು ಸ್ವೀಡನ್‌ನಲ್ಲಿ. ಗಡಿ ದಾಟಿ ಬಂದ ಸೋವಿಯತ್ ಪ್ರಜೆಗಳು ಸಿಕ್ಕಿಬಿದ್ದರೆ ಅವರನ್ನು ವಾಪಸ್ ಕಳಿಸುತ್ತಿದ್ದರು. ಆಸರೆ ಕೇಳಿ ಓಡಿ ಬಂದವರನ್ನು ಮತ್ತೆ ಅದೇ ಬೆಂಕಿಗೆ ತಳ್ಳುವ ಮಾತು ಇದು. ದೇಶ ಉಳಿದದ್ದರ ಲೆಕ್ಕ ಬರೆಯುವಾಗ ಇವರನ್ನೂ ಬರೆಯಬೇಕು, ಅಲ್ವಾ?

ಕೊನೆಯ ವರ್ಷಗಳಲ್ಲಿ ಅವರ ನೆನಪು ಕೈಕೊಡುತ್ತಿತ್ತು. ಹತ್ತಿರದವರಿಗೆ ಗೊತ್ತಿತ್ತು, ಪತ್ರಿಕೆಗಳು ಹೆಚ್ಚಾಗಿ ಮೌನವಾಗಿದ್ದವು. ಎಂಬತ್ತು ದಾಟಿದ ಮನುಷ್ಯನಿಗೆ ವಿಶ್ರಾಂತಿ ಕೊಡಲು ಯಾರಿಗೂ ಧೈರ್ಯ ಬರಲಿಲ್ಲ. ಅವರಿಗೂ ಇದು ಅನ್ಯಾಯವೇ.

1981ರ ವಸಂತದಲ್ಲಿ ಪ್ರಧಾನಿ ಮೌನೊ ಕೊಯಿವಿಸ್ತೊ ಅವರನ್ನು ಇಳಿಸಲು ಕೆಕ್ಕೊನೆನ್ ನೋಡಿದರು. ಹಿಂದಿನ ಪ್ರಧಾನಿಗಳಾಗಿದ್ದರೆ ರಾಜೀನಾಮೆ ಬರೆದುಕೊಡುತ್ತಿದ್ದರೇನೋ. ಕೊಯಿವಿಸ್ತೊ ಕೊಡಲಿಲ್ಲ. ತಮ್ಮ ಸರ್ಕಾರ ಇರಬೇಕೋ ಬೇಡವೋ ಅಂತ ತೀರ್ಮಾನಿಸುವುದು ಸಂಸತ್ತಿನ ವಿಶ್ವಾಸ ಅನ್ನುವ ನಿಲುವಿಗೆ ಅಂಟಿಕೊಂಡರು. ಸರ್ಕಾರ ಉಳಿಯಿತು. ಆ ಆಗಸ್ಟ್‌ನಲ್ಲಿ ಐಸ್‌ಲೆಂಡ್‌ಗೆ ಮೀನು ಹಿಡಿಯಲು ಹೋದಾಗ ಕೆಕ್ಕೊನೆನ್ ಆರೋಗ್ಯ ಪೂರ್ತಿ ಕೆಟ್ಟಿತು. ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು, ಅಧಿಕೃತವಾಗಿ ಅವಧಿ ಮುಗಿದದ್ದು ಜನವರಿಯಲ್ಲಿ. ಮುಂದಿನ ಅಧ್ಯಕ್ಷರಾಗಿ ಆರಿಸಿ ಬಂದವರು ಕೊಯಿವಿಸ್ತೊ. ಒಬ್ಬರು ಸತತವಾಗಿ ಎರಡೇ ಅವಧಿ ಇರಬಹುದು ಅಂತ ಸಂವಿಧಾನ ತಿದ್ದಿದ್ದು ಅವರ ಕಾಲದಲ್ಲೇ, 1991ರಲ್ಲಿ.