ನಿಮ್ಮಂಥವರೇ ಒಬ್ಬರು ಬೇಕಿತ್ತು

ದೆವ್ವದ ಕಥೆಗಳಲ್ಲಿ ಪಾಳುಬಂಗಲೆ, ಕಿರುಗುಟ್ಟುವ ಬಾಗಿಲು ಇವೆಲ್ಲ ನನಗೆ ಒಗ್ಗುವುದಿಲ್ಲ. ನನಗೆ ಸಣ್ಣ ಊರೇ ಬೇಕು. ಅಪರಿಚಿತನೊಬ್ಬ ಬಂದಿಳಿದೊಡನೆ ಜನರ ಮಾತು ನಿಲ್ಲಬೇಕು; ಆಮೇಲೆ ಹಿರಿಯರೊಬ್ಬರು ಅಗತ್ಯಕ್ಕಿಂತ ತುಸು ಹೆಚ್ಚೇ ಅಕ್ಕರೆಯಿಂದ ಅವನ ಕುಶಲ ವಿಚಾರಿಸಬೇಕು. ದೆವ್ವಗಳಿಗೂ ಇಂಥ ಊರೇ ಅನುಕೂಲ. ಡ್ರಾಕುಲಾ ಇಂದಿನ ಅಮೆರಿಕಕ್ಕೆ ಬಂದರೆ ಏನಾದೀತು ಎಂಬ ಮಾತು ಅಮೆರಿಕದ ಭಯಾನಕ ಕಥೆಗಾರ ಸ್ಟೀಫನ್ ಕಿಂಗ್ ಮನೆಯಲ್ಲಿ ಊಟದ ಹೊತ್ತಿಗೆ ಬಂದಾಗ, ನ್ಯೂಯಾರ್ಕಿನಲ್ಲಿ ಟ್ಯಾಕ್ಸಿಗೆ ಸಿಕ್ಕಿ ಸತ್ತಾನು ಎಂಬ ತಮಾಷೆಯೂ ಹುಟ್ಟಿತಂತೆ. ಅವರ 1975ರ ‘ಸೇಲಮ್ಸ್ ಲಾಟ್’ ಕಾದಂಬರಿಯಲ್ಲಿ ರಕ್ತಪಿಶಾಚಿ ಜಾಣತನದಿಂದ ಪುಟ್ಟ ಊರಿಗೇ ಹೋಯಿತು.

ಆದರೆ ನನ್ನ ತಲೆ ಕೆಡಿಸಿದ್ದು ದೆವ್ವವೇ ಇಲ್ಲದ ಕಥೆ. ಶರ್ಲಿ ಜಾಕ್ಸನ್ ಬರೆದ ‘ದಿ ಲಾಟರಿ’, 1948ರ ಜೂನ್ 26ರ ‘ದಿ ನ್ಯೂಯಾರ್ಕರ್’ ಸಂಚಿಕೆಯಲ್ಲಿ ಬಂದದ್ದು. ಹಳ್ಳಿಯವರು ಬಯಲಿನಲ್ಲಿ ಸೇರುತ್ತಾರೆ, ಹುಡುಗರು ಜೇಬಿಗೆ ಕಲ್ಲು ತುಂಬಿಕೊಳ್ಳುತ್ತಾರೆ, ಕಪ್ಪು ಪೆಟ್ಟಿಗೆಯಿಂದ ಚೀಟಿ ಎತ್ತುತ್ತಾರೆ, ಗುರುತು ಹಾಕಿದ ಚೀಟಿ ಬಂದವರಿಗೆ ಉಳಿದವರೆಲ್ಲ ಸೇರಿ ಕಲ್ಲು ಹೊಡೆಯುತ್ತಾರೆ. (ಮುಕ್ತಾಯ ಹೇಳಿಬಿಟ್ಟೆನೆಂದು ಮುನಿಯಬೇಡಿ, ಮುಕ್ಕಾಲು ಶತಮಾನ ಸಮಯವಿತ್ತು.) ಆ ಬೇಸಿಗೆಯಲ್ಲಿ ಲೇಖಕಿಗೆ ಮುನ್ನೂರಕ್ಕೂ ಹೆಚ್ಚು ಪತ್ರಗಳು ಬಂದವು. ಕಥೆ ಹಿಡಿಸಲಿಲ್ಲವೆಂದು ಸ್ವಂತ ತಾಯಿಯೂ ಬರೆದರು. ಇನ್ನು ಕೆಲವರು, ಇಂಥ ಲಾಟರಿ ಎಲ್ಲಿ ನಡೆಯುತ್ತದೆ, ನಾವೂ ಹೋಗಿ ನೋಡಬಹುದೇ ಎಂದು ಕೇಳಿದ್ದರು. ನನಗೆ ಕಥೆಗಿಂತ ಹೆಚ್ಚು ಭಯ ಹುಟ್ಟಿಸಿದವರು ಇವರು.

ಇಷ್ಟೆಲ್ಲ ಓದಿಕೊಂಡ ಮನುಷ್ಯನ ಕಾರಿನ ಟೈರು ಮುಸ್ಸಂಜೆಯಲ್ಲಿ, ಹೆಸರೂ ಗೊತ್ತಿಲ್ಲದ ಊರಿನ ಮುಂದೆ ಪಂಕ್ಚರ್ ಆಗಬಾರದು. ಆಯಿತು. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಇದ್ದಿದ್ದರೆ ನನಗೇ ಅನುಮಾನ ಬರುತ್ತಿತ್ತು. ಮರದಡಿ ಮೂವತ್ತು ನಲವತ್ತು ಜನ ಸೇರಿದ್ದರು. ನಾನು ಇಳಿದೊಡನೆ ಮಾತು ನಿಂತಿತು. ಅವರ ನಡುವೆ ಒಂದು ಡಬ್ಬಿ, ಡಬ್ಬಿಯಲ್ಲಿ ಮಡಿಸಿದ ಚೀಟಿಗಳು. ರಸ್ತೆ ಬದಿಯಲ್ಲಿ ಆಳೆತ್ತರದ ಜಲ್ಲಿಯ ರಾಶಿ. ಅದರ ಬುಡದಲ್ಲಿ ಒಬ್ಬ ಹುಡುಗ ದಪ್ಪ ಕಲ್ಲುಗಳನ್ನೇ ಆರಿಸುತ್ತಿದ್ದ.

ಹಿರಿಯರೊಬ್ಬರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. “ಒಳ್ಳೆಯ ಹೊತ್ತಿಗೆ ಬಂದಿರಿ. ನಿಮ್ಮಂಥವರೇ ಒಬ್ಬರು ಬೇಕಿತ್ತು.”

ನನಗೆ ಜ್ವರ ಎಂದೆ. ಅಂಟುಜಾಡ್ಯ ಎಂದೂ ಸೇರಿಸಿದೆ. ಅವರು ಕೈ ಬಿಡಲಿಲ್ಲ. ಅಷ್ಟರಲ್ಲಿ ಇಬ್ಬರು ಯುವಕರು ಕೇಳದೆಯೇ ಜಾಕ್ ಏರಿಸಿ ಸ್ಟೆಪ್ನಿ ಹಾಕತೊಡಗಿದ್ದರು. ಬಲಿಯನ್ನು ಸಿಂಗರಿಸುವ ಕ್ರಮವೂ ಹೀಗೆಯೇ ಇರುತ್ತದೆಯಲ್ಲ! ಜಾಕ್ ಇಳಿದ ಕ್ಷಣವೇ ಕೈ ಕೊಸರಿಕೊಂಡು ಒಳಗೆ ನುಗ್ಗಿ ಕಾರು ಹೊರಡಿಸಿದೆ. ಚಕ್ರ ಯಾವುದೋ ಕಲ್ಲಿನ ಮೇಲೆ ಹತ್ತಿ ಧಡಕ್ಕನೆ ಇಳಿಯಿತು. ಇನ್ನೂರು ಮೀಟರ್ ಹೋಗುವಷ್ಟರಲ್ಲಿ ಕಾರು ಕುಡುಕನಂತೆ ಓಲಾಡತೊಡಗಿತು. ನಟ್ಟುಗಳನ್ನು ಇನ್ನೂ ಬಿಗಿ ಮಾಡಿರಲಿಲ್ಲ.

ಇಡೀ ಊರೇ ನನ್ನ ಹಿಂದೆ ಓಡಿ ಬಂತು. ಎಲ್ಲರಿಗಿಂತ ಮುಂದೆ ಆ ಹುಡುಗ, ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದರಲ್ಲಿ ಕಲ್ಲು. “ಚಕ್ರಕ್ಕೆ ಅಡ್ಡ ಕೊಟ್ಟಿದ್ದೆ. ಅದರ ಮೇಲೇ ಹತ್ತಿಸಿಬಿಟ್ಟಿರಿ” ಎಂದ, ಏದುಸಿರು ಬಿಡುತ್ತ.

ಹೊಸ ಕೊಳವೆಬಾವಿಯ ನೀರನ್ನು ಹೊಲಗಳಿಗೆ ಹಂಚಬೇಕಿತ್ತು. ಯಾರ ಸರದಿ ಮೊದಲು ಎಂಬುದಕ್ಕೆ ಚೀಟಿ. ಊರಿನವರು ಎತ್ತಿದರೆ ತಕರಾರು, ಹಾಗಾಗಿ ಹೊರಗಿನವರು ಬೇಕಿತ್ತು. ನಟ್ಟು ಬಿಗಿಸಿಕೊಂಡ ಋಣಕ್ಕೆ ಮರದಡಿ ಕೂತು ಒಂದೊಂದೇ ಎತ್ತಿ ಓದಿದೆ. ಕೊನೆಯ ಚೀಟಿಯಲ್ಲಿದ್ದ ಹೆಸರು ಓದಿದಾಗ ಹಿಂದಿನ ಸಾಲಿನಲ್ಲಿದ್ದ ಕಟ್ಟುಮಸ್ತಾದ ಒಬ್ಬರು ಮೆಲ್ಲಗೆ ಎದ್ದು ನಿಂತರು. ನನ್ನನ್ನು ನೋಡಿದರು. ಆಮೇಲೆ, ಸುಮ್ಮನೆ ಎಂಬಂತೆ, ಜಲ್ಲಿಯ ರಾಶಿಯ ಕಡೆ ನೋಡಿದರು.