ಕೇಪ್‌ಟೌನಿನಲ್ಲಿ ಅತ್ತೆಯವರ ಮೆರವಣಿಗೆ

ಕೇಪ್‌ಟೌನಿನವರಿಗೆ ವರ್ಷಕ್ಕೆ ಎರಡು ಹೊಸ ವರ್ಷ. ಜನವರಿ 1 ಲೋಕಕ್ಕೆಲ್ಲ ಸೇರಿದ್ದು, ಜನವರಿ 2 ಈ ಊರಿನ ಸ್ವಂತದ್ದು. ‘ಟ್ವೀಡ ನೂವ ಯಾರ್’ ಎಂದು ಹೆಸರು, ಅಂದರೆ ಎರಡನೇ ಹೊಸ ವರ್ಷ. ಅವತ್ತು ‘ಕಾಪ್ಸ ಕ್ಲೊಪ್ಸ’ ತಂಡಗಳು ಕಣ್ಣು ಕುಕ್ಕುವ ಸ್ಯಾಟಿನ್ ಕೋಟು ತೊಟ್ಟು, ಮುಖಕ್ಕೆ ಬಣ್ಣ ಬಳಿದು, ಗೇಣುದ್ದದ ಛತ್ರಿಗಳನ್ನು ಗಿರಗಿರ ತಿರುಗಿಸುತ್ತಾ ಊರ ನಡುವಿನ ಬೀದಿಗಳಲ್ಲಿ ಕುಣಿದುಕೊಂಡು ಹೋಗುತ್ತವೆ. ಎಲ್ಲ ತಂಡ ಸೇರಿಸಿದರೆ ಕುಣಿಯುವವರೇ ಹತ್ತು ಸಾವಿರದ ಮೇಲೆ. ಕುಣಿಯುವವರು ಯಾರು, ನೋಡುವವರು ಯಾರು ಎಂಬ ಗಡಿ ಬೆಳಿಗ್ಗೆ ಇರುತ್ತದೆ, ಸಂಜೆ ಹೊತ್ತಿಗೆ ಇರುವುದಿಲ್ಲ. ನಮ್ಮ ಮನೆಯಿಂದ ಆ ಗಡಿ ದಾಟಿದವರು ನಮ್ಮತ್ತೆ.

ಅತ್ತೆ ತಿಪಟೂರಿನಿಂದ ಮಗನ ಮನೆಗೆಂದು ಬಂದಿದ್ದರು. ಮೊಣಕಾಲು ನೋವು. ಕೆಳಗಿನ ಅಂಗಡಿಗೆ ಹೋಗಿ ಮೊಸರು ತರುವ ಮಾತೆತ್ತಿದರೆ ಸಾಕು, ಕಾಲು ನೀವಿಕೊಳ್ಳಲು ಶುರು. ಹಬ್ಬದ ದಿನ ಮಾತ್ರ ನಾವೇಳುವ ಮೊದಲೇ ಸ್ನಾನ ಮುಗಿಸಿ, ಹಸಿರು ಮೈಸೂರು ಸಿಲ್ಕ್ ಉಟ್ಟು ತಯಾರಾಗಿದ್ದರು. ಅಂಗೈ ಅಗಲ ಜರಿ ಅಂಚು. ಇಲ್ಲಿ ಜನವರಿ ಎಂದರೆ ಉರಿಬೇಸಿಗೆ, ಕಾಟನ್ ಉಟ್ಟುಕೊಳ್ಳಿ ಎಂದೆ.

“ಊರ ಹಬ್ಬಕ್ಕೆ ಹೋಗ್ತಿದೀವಿ ಕಣಮ್ಮ. ಕಾಟನ್ ಉಟ್ಕೊಂಡು ಹೋಗೋಕೆ ಅದೇನು ಸಂತೇನಾ?”

ನಮ್ಮವರ ಚಿಂತೆ ಪಾರ್ಕಿಂಗಿನದು. ಅವರಿಗೆ ಸ್ವರ್ಗಕ್ಕೆ ಕರೆ ಬಂದರೂ ಮೊದಲು ಕೇಳುವುದು ಗಾಡಿ ಎಲ್ಲಿ ನಿಲ್ಲಿಸುವುದು ಅಂತಲೇ. ರಸ್ತೆ ಮುಚ್ಚುವ ಮೊದಲೇ ಹೋಗಬೇಕೆಂದು ನಮ್ಮನ್ನು ಎಬ್ಬಿಸಿ ಹೊರಡಿಸಿ, ಡಾರ್ಲಿಂಗ್ ಬೀದಿಯ ಸಿಟಿ ಹಾಲ್ ಎದುರು ತಂದು ಕೂರಿಸಿದರು. ನಾವೇ ಮೊದಲಿಗರು ಎಂಬ ಅವರ ಹೆಮ್ಮೆ ಅಲ್ಲಿಗೆ ಕಾಲಿಟ್ಟ ಕೂಡಲೇ ಇಳಿಯಿತು. ಜನ ಹಿಂದಿನ ರಾತ್ರಿಯೇ ಬಂದು ಬೀದಿ ಬದಿಯಲ್ಲಿ ಸಂಸಾರ ಹೂಡಿದ್ದರು. ಶಾಮಿಯಾನ, ಹಾಸಿಗೆ, ಐಸ್ ಡಬ್ಬಿ, ಗ್ಯಾಸ್ ಒಲೆ. ಒಬ್ಬರಂತೂ ಮನೆಯ ಸೋಫಾವನ್ನೇ ಹೊತ್ತು ತಂದಿದ್ದರು. ನಮ್ಮದು ಮೂರು ಮಡಚುವ ಕುರ್ಚಿ, ಒಂದು ದೊಡ್ಡ ಛತ್ರಿ.

ಆ ಛತ್ರಿಯ ಕಥೆ ಬೇಗ ಮುಗಿಯಿತು. ಬೇಸಿಗೆಯಲ್ಲಿ ಇಲ್ಲಿ ಆಗ್ನೇಯದಿಂದ ಬೀಸುವ ಗಾಳಿಗೆ ‘ಕೇಪ್ ಡಾಕ್ಟರ್’ ಎಂದು ಹೆಸರು, ಊರಿನ ಕೊಳಕು ಗಾಳಿಯನ್ನು ತೊಳೆದು ಹಾಕುತ್ತದೆಂಬ ಗೌರವಕ್ಕೆ. ಡಾಕ್ಟರು ಟೇಬಲ್ ಮೌಂಟನ್ ಮೇಲಿಂದ ಇಳಿದು ಬಂದು ನಮ್ಮ ಛತ್ರಿಯನ್ನು ಒಂದೇ ಏಟಿಗೆ ಹಿಂದುಮುಂದಾಗಿಸಿ, ಬ್ಯಾರಿಕೇಡ್ ಆಚೆಗೆ ದಾಟಿಸಿದರು. ಪೊಲೀಸಪ್ಪ ಒಬ್ಬ ಅದನ್ನು ಹಿಡಿದು, ಆರೋಪಿಯ ಹಾಗೆ ಕಂಕುಳಲ್ಲಿ ಅದುಮಿಕೊಂಡು ಹೊರಟೇ ಹೋದ.

ಸೋಫಾದ ಮೇಲೆ ಕೂತಿದ್ದವರು ಅತ್ತೆಯ ವಯಸ್ಸಿನ ಹೆಂಗಸು. ಸುತ್ತಲಿನವರೆಲ್ಲ ಆಂಟಿ, ಆಂಟಿ ಎನ್ನುತ್ತಿದ್ದರು, ನಾನೂ ಅದನ್ನೇ ಹಿಡಿದೆ. ಮಿಚೆಲ್ಸ್ ಪ್ಲೇನ್‌ನಿಂದ ಬಂದಿದ್ದರು. ತವರು ಮಾತ್ರ ಅಲ್ಲೇ ಹಿಂದುಗಡೆ, ಡಿಸ್ಟ್ರಿಕ್ಟ್ ಸಿಕ್ಸ್‌ನಲ್ಲಿ. 1966ರಲ್ಲಿ ಸರ್ಕಾರ ಆ ಬಡಾವಣೆ ಬಿಳಿಯರಿಗೆ ಮಾತ್ರ ಎಂದು ಸಾರಿ, ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ಊರಾಚೆಯ ಮರಳು ಬಯಲಿಗೆ ಅಟ್ಟಿತು, ಮನೆಗಳ ಮೇಲೆ ಬುಲ್ಡೋಜರ್ ಹರಿಸಿತು. “ಮೊದಲು ಮನೆ ಬಾಗಿಲಲ್ಲೇ ನಿಂತು ನೋಡ್ತಿದ್ವಿ, ಈಗ ಸೋಫಾ ಹೊತ್ಕೊಂಡು ಬರಬೇಕು” ಎಂದು ಆಂಟಿ ಜೋರಾಗಿ ನಕ್ಕರು. ನಾನು ಕನ್ನಡದಲ್ಲಿ ಹೇಳಿದಾಗ ಅತ್ತೆ ನಗಲಿಲ್ಲ. ತಮ್ಮ ಚೀಲದಿಂದ ಕೋಡುಬಳೆ ಡಬ್ಬಿ ತೆಗೆದು ಅವರ ಮಡಿಲಿಗೇ ಇಟ್ಟರು.

ಪ್ರತಿಯಾಗಿ ಬಂದದ್ದು ‘ಡಾಲ್ಚಿ’. ಅತ್ತೆ ಮುರಿದು ಮೂಸಿದರು. ಕಡಲೆ ಹಿಟ್ಟು, ಪಾಲಕ್, ಧನಿಯಾ. “ಇದು ಪಕೋಡ ಕಣೋ!” ಎಂದು ಮಗನ ಭುಜಕ್ಕೆ ಗುದ್ದಿದರು. ಡಚ್ ಕಂಪನಿಯ ಹಡಗುಗಳು ಬಂಗಾಳ, ಕೋರಮಂಡಲ, ಮಲಬಾರಿನಿಂದಲೂ ಜನರನ್ನು ಗುಲಾಮರಾಗಿ ಇಲ್ಲಿಗೆ ತಂದಿದ್ದವು. ಹೊಸ ವರ್ಷದ ದಿನ ಒಡೆಯರ ಔತಣಕ್ಕೆ ದುಡಿದು ಸಾಕಾದವರಿಗೆ ಮಾರನೇ ದಿನ ಬಿಡುವು, ಎರಡನೇ ಹೊಸ ವರ್ಷ ಹುಟ್ಟಿದ್ದು ಹಾಗೆ ಎನ್ನುತ್ತಾರೆ. 1834ರಲ್ಲಿ ಗುಲಾಮಗಿರಿ ಹೋಯಿತು, ಹಬ್ಬ ಉಳಿಯಿತು. ನಮ್ಮವರು ಇದನ್ನೆಲ್ಲ ಮೊಬೈಲ್ ನೋಡಿ ಓದಿ ಹೇಳುತ್ತಿದ್ದರು. ಪಕೋಡ ಯಾರ ಜೊತೆ, ಯಾವ ಹಡಗಿನಲ್ಲಿ ಬಂತು ಎಂಬುದು ಅತ್ತೆಗೆ ಬೇಕಿರಲಿಲ್ಲ. ಉಪ್ಪು ಸರಿಯಿತ್ತು, ಸೋಡಾ ಒಂಚೂರು ಜಾಸ್ತಿ.

ಅಷ್ಟರಲ್ಲಿ ಢಮ್ ಎಂದಿತು. ನಮ್ಮವರು ಕುರ್ಚಿ ಸಮೇತ ಹಿಂದಕ್ಕೆ ಮಗುಚಿಕೊಂಡರು. ಕೈಯಲ್ಲಿದ್ದ ಗ್ಯಾಟ್ಸ್‌ಬಿ, ಅಂದರೆ ಮೊಳದುದ್ದದ ಬ್ರೆಡ್ ಸೀಳಿ ಅದರೊಳಗೆ ಆಲೂಗೆಡ್ಡೆ ಚಿಪ್ಸ್, ಸಾಸ್ ತುರುಕಿದ ಈ ಊರಿನ ತಿಂಡಿ, ಅವರ ಬಿಳಿ ಅಂಗಿಯ ಮೇಲೆ ಆರಾಮಾಗಿ ಬಿಚ್ಚಿಕೊಂಡಿತು. ಸುತ್ತ ಯಾರೂ ರೆಪ್ಪೆ ಮಿಟುಕಿಸಿರಲಿಲ್ಲ. ಸಿಗ್ನಲ್ ಹಿಲ್ ಮೇಲಿಂದ ಎರಡು ಶತಮಾನದಷ್ಟು ಹಳೆಯ ಅಭ್ಯಾಸದಂತೆ ಮಧ್ಯಾಹ್ನ 12ಕ್ಕೆ ಸರಿಯಾಗಿ ಹಾರಿಸುವ ಫಿರಂಗಿ ಅದು. ಭಾನುವಾರ ಮತ್ತು ಸರ್ಕಾರಿ ರಜಾ ದಿನ ಹಾರಿಸುವುದಿಲ್ಲ. ಊರಿಗೆ ಊರೇ ಬೀದಿಯಲ್ಲಿ ಮಲಗಿ ಎದ್ದಿದ್ದರೂ ಜನವರಿ 2 ಸರ್ಕಾರದ ರಜಾ ಪಟ್ಟಿಯಲ್ಲಿಲ್ಲ. ಹಾಗಾಗಿ ನಮ್ಮವರ ಅಂಗಿಗೆ ಆ ಗತಿ.

ಮೆರವಣಿಗೆ ಬರುವ ಹೊತ್ತಿಗೆ ಮಧ್ಯಾಹ್ನ ಚೆನ್ನಾಗಿ ಇಳಿದಿತ್ತು. ಮೊದಲು ಕೇಳಿಸಿದ್ದು ಗೂಮಾ. ಹಿಂದೆ ವೈನ್ ಪೀಪಾಯಿಗೆ ಚರ್ಮ ಬಿಗಿದು ಮಾಡುತ್ತಿದ್ದ ಡೋಲು. ಅದರ ಗತ್ತು ಕಿವಿಗಿಂತ ಮೊದಲು ಸೊಂಟಕ್ಕೆ ತಲುಪುತ್ತದೆ. ಹಿಂದೆಯೇ ಬ್ಯಾಂಜೊ, ಟ್ರಂಪೆಟ್. ಮುಖಕ್ಕೆ ಬಣ್ಣ ಬಳಿಯುವ ಪದ್ಧತಿ ಹತ್ತೊಂಬತ್ತನೇ ಶತಮಾನದಲ್ಲಿ ಬಂದ ಅಮೆರಿಕದ ಮಿನ್‌ಸ್ಟ್ರೆಲ್ ಆಟದವರಿಂದ ಬಂದದ್ದು. ಬಿಳಿಯರು ಕಪ್ಪು ಬಳಿದುಕೊಂಡು ಕರಿಯರನ್ನು ಅಣಕಿಸುತ್ತಿದ್ದ ಕೆಟ್ಟ ಆಟ. ಈ ಜನ ಅದನ್ನು ಕಿತ್ತುಕೊಂಡು ನೀಲಿ, ಕೆಂಪು, ಬೆಳ್ಳಿ ಎಂದು ಕಾಮನಬಿಲ್ಲಿಗೇ ಹಂಚಿಬಿಟ್ಟಿದ್ದಾರೆ. ಸೇಡು ತೀರಿಸಿಕೊಳ್ಳುವುದಕ್ಕೆ ಇದಕ್ಕಿಂತ ಚೆಂದದ ದಾರಿ ನನಗಂತೂ ಕಂಡಿಲ್ಲ.

ನೀಲಿ ತಂಡ ಹೋಯಿತು, ಕೇಸರಿ ತಂಡ ಹೋಯಿತು. ಆಮೇಲೆ ಬಂತು ಹಸಿರು ಬಂಗಾರದ ತಂಡ. ಅದೇ ಹಸಿರು, ಅದೇ ಬಂಗಾರ. ಮುಂದೆ ಕೋಲು ತಿರುಗಿಸುತ್ತಾ ಬರುತ್ತಿದ್ದ ಏಳೆಂಟು ವರ್ಷದ ಹುಡುಗ ಅತ್ತೆಯನ್ನು ನೋಡಿ ಗಕ್ಕನೆ ನಿಂತ. ಅವನ ಹಿಂದೆ ಇಡೀ ತಂಡ ನಿಂತಿತು. ಬ್ಯಾರಿಕೇಡಿಗೆ ಆತುಕೊಂಡು ತಾಳ ಹಾಕುತ್ತಿದ್ದ ಅತ್ತೆಯ ಸೀರೆ ನೋಡಿ ಯಾರೋ ಶಿಳ್ಳೆ ಹೊಡೆದರು. ಆಂಟಿ ಸೋಫಾದಿಂದಲೇ ಏನೋ ಕೂಗಿದರು. ಇಬ್ಬರು ದಾಂಡಿಗರು ಬಂದು ಬ್ಯಾರಿಕೇಡ್ ಸರಿಸಿ, ಕೈ ಹಿಡಿದು ಕರೆದುಕೊಂಡೇ ಬಿಟ್ಟರು. ಒಬ್ಬಳು ಅವರ ಕೆನ್ನೆಗೆ ಹಸಿರು, ಹಣೆಗೆ ಮಿನುಗುಪುಡಿ ಬಳಿದಳು. ಕುಂಕುಮ ಮಾತ್ರ ಸುತ್ತಿ ಬಿಟ್ಟಳು, ಅಷ್ಟು ಮರ್ಯಾದೆ. ಕೈಗೊಂದು ಪುಟ್ಟ ಛತ್ರಿ ಬಂತು. ಡಾಕ್ಟರರ ಗಾಳಿಗೆ ಅದು ಜಪ್ಪಯ್ಯ ಅನ್ನಲಿಲ್ಲ.

“ಅಮ್ಮಾ!” ಎಂದು ನಮ್ಮವರು ಬ್ಯಾರಿಕೇಡ್ ಹತ್ತಿದರು. ಸ್ವಯಂಸೇವಕ ತಡೆದ. ತಂಡದವರಿಗೆ ಮಾತ್ರ ಪ್ರವೇಶವಂತೆ. ಅದು ನಮ್ಮಮ್ಮ ಎಂದರು. ಅವನು ಇವರ ಸಾಸ್ ಮೆತ್ತಿದ ಅಂಗಿ ನೋಡಿದ, ಅತ್ತೆಯ ಜರಿ ಅಂಚು ನೋಡಿದ, ನಂಬಲಿಲ್ಲ.

ಅತ್ತೆಯ ಫೋನು ನನ್ನ ಚೀಲದಲ್ಲೇ ಇತ್ತು. ಕುರ್ಚಿಗಳನ್ನು ಆಂಟಿಗೆ ಒಪ್ಪಿಸಿ ನಾವಿಬ್ಬರೂ ಜನರ ಬೆನ್ನಹಿಂದೆ ಓಡಿದೆವು. 1990ರಲ್ಲಿ ಜೈಲಿನಿಂದ ಬಿಡುಗಡೆಯಾದ ದಿನ ಮಂಡೇಲಾ ನಿಂತು ಮಾತಾಡಿದ ಬಾಲ್ಕನಿ ಸಿಟಿ ಹಾಲಿನಲ್ಲಿದೆ, ಈಗ ಅಲ್ಲಿ ಅವರ ಪ್ರತಿಮೆ ಇದೆ. ಅತ್ತೆ ಆ ಪ್ರತಿಮೆಗೆ ಕೈಮುಗಿದು ಮುಂದೆ ಹೋದದ್ದು ಕಂಡಿತು. ಆಡರ್ಲಿ ಬೀದಿಯಲ್ಲಿ ಒಮ್ಮೆ ಛತ್ರಿ ಕಂಡಿತು. ವೇಲ್ ಬೀದಿಯ ತಿರುವಿನಲ್ಲಿ, ಕಂಪನಿ ತನ್ನ ಗುಲಾಮರನ್ನು ಕೂಡಿಹಾಕುತ್ತಿದ್ದ 1679ರ ಕಟ್ಟಡದ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೋಲಾಟದ ಹೆಜ್ಜೆ ಹಾಕುತ್ತಿದ್ದರು. ಸುತ್ತಲಿನ ಹುಡುಗಿಯರು ಅದನ್ನೇ ಕಲಿಯುತ್ತಿದ್ದರು. ಅಲ್ಲಿಂದ ಮುಂದೆ ಬೋ-ಕಾಪ್‌ಗೆ ದಾರಿ ಪೂರ್ತಿ ಏರು. ನನಗೆ ಏದುಸಿರು ಬಂತು. ಮೊಣಕಾಲು ನೋವಿನವರು ಎಲ್ಲೂ ನಿಂತ ಸುಳಿವಿಲ್ಲ.

ಸಿಕ್ಕಿದ್ದು ರೋಸ್ ಬೀದಿಯಲ್ಲಿ, ಗುಲಾಬಿ ಬಣ್ಣದ ಮನೆಯೊಂದರ ಮೆಟ್ಟಿಲ ಮೇಲೆ. ತಟ್ಟೆಯಲ್ಲಿ ಕೂಸಿಸ್ಟರ್. ಏಲಕ್ಕಿ, ದಾಲ್ಚಿನ್ನಿ ಹಾಕಿ ಕರಿದು, ಪಾಕದಲ್ಲಿ ಅದ್ದಿ, ಕೊಬ್ಬರಿ ತುರಿಯಲ್ಲಿ ಹೊರಳಿಸಿದ ಉಂಡೆ. ತಿಪಟೂರಿನವರ ಕೈಗೆ ಕೊಬ್ಬರಿ ಕೊಟ್ಟರೆ ಸುಮ್ಮನಿರುತ್ತಾರೆಯೇ? ಎರಡು ಬೆರಳಲ್ಲಿ ಚಿಟಿಕೆ ತೆಗೆದು ತಿಕ್ಕಿ, ಬೆಳಕಿಗೆ ಹಿಡಿದು ನೋಡಿ, “ಎಣ್ಣೆ ತೆಗೆದಿರೋ ಕೊಬ್ಬರಿ ಕಣೇ ಇದು, ಯಾರೋ ಇವ್ರಿಗೆ ಮೋಸ ಮಾಡವ್ರೆ” ಎಂದು ತೀರ್ಪು ಕೊಟ್ಟರು. ಕಾಲು ನೋವಾ ಎಂದು ಮಗ ಕೇಳಿದ್ದಕ್ಕೆ, “ಯಾವ ಕಾಲು?” ಎಂದರು.

ತಂಡದ ಕ್ಯಾಪ್ಟನ್ ಮಾತ್ರ ಮುಖ ಗಂಟು ಹಾಕಿಕೊಂಡು ನಿಂತಿದ್ದ. ಪ್ರತಿ ತಂಡವೂ ಆ ವರ್ಷದ ಬಣ್ಣವನ್ನು ಗುಟ್ಟಾಗಿಡುತ್ತದೆ, ದರ್ಜಿಗಳು ಬಾಗಿಲು ಮುಚ್ಚಿಕೊಂಡು ತಿಂಗಳುಗಟ್ಟಲೆ ಹೊಲಿಯುತ್ತಾರೆ. ಹಾಗಿರುವಾಗ ಇಂಡಿಯಾದಿಂದ ಬಂದ ಅಜ್ಜಿಗೆ ನಮ್ಮ ಬಣ್ಣ ಹೇಗೆ ಗೊತ್ತಾಯಿತು, ಯಾರು ಬಾಯಿಬಿಟ್ಟರು ಎಂದು ಅವನ ವಿಚಾರಣೆ. ಈ ಸೀರೆ ನನ್ನ ಮದುವೆಗಿಂತ ಹಳೆಯದಪ್ಪಾ ಎಂದು ನಾನು ಆಣೆ ಮಾಡಬೇಕಾಯಿತು.

ಅವನ ದರ್ಜಿ ಹೆಂಗಸಿಗೆ ಆ ಚಿಂತೆಯೇ ಇರಲಿಲ್ಲ. ಸೆರಗನ್ನು ಬೆರಳಲ್ಲಿ ಸವರಿ, ಹಿಂದುಮುಂದು ತಿರುಗಿಸಿ, ಜರಿ ಎಳೆದು ನೋಡಿ, ಮೀಟರಿಗೆಷ್ಟು ಎಂದು ಕೇಳಿದಳು. ಮೀಟರ್ ಲೆಕ್ಕವಲ್ಲ, ಸೀರೆ ಲೆಕ್ಕ ಎಂದು ನಮ್ಮವರು ರೂಪಾಯಿಯನ್ನು ರ‍್ಯಾಂಡಿಗೆ ಇಳಿಸಿ ಹೇಳಿದರು. ಆಕೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. ತಂಡದಲ್ಲಿ ಎಂಟುನೂರು ಜನ ಇದ್ದಾರಂತೆ.

ಅತ್ತೆ ಕೂಸಿಸ್ಟರ್ ನುಂಗಿ, ಕೈ ಒರೆಸಿಕೊಂಡು ಮಗನ ಕಡೆ ತಿರುಗಿದರು. “ಎಂಟುನೂರು ಸೀರೆ ಒಟ್ಟಿಗೆ ತಗೊಂಡ್ರೆ ಡಿಸ್ಕೌಂಟ್ ಕೊಟ್ಟೇ ಕೊಡ್ತಾರೆ ಕಣೋ. ಬ್ಲೌಸ್ ಪೀಸೂ ಸೇರಿ ಬರುತ್ತೆ ಅಂತ ಹೇಳು.”