‘ಇದರಲ್ಲಿ ಬೇಳೆ ಎಲ್ಲಿದೆ?’

ಬಿಸಿಬೇಳೆಬಾತ್ ತಿಂದು ಹೊಗಳಿದವರನ್ನು ನೋಡಿದ್ದೇನೆ, ಖಾರಕ್ಕೆ ಕಣ್ಣೊರೆಸಿಕೊಂಡವರನ್ನೂ ನೋಡಿದ್ದೇನೆ. ಜೋರ್ಡಾನಿನ ಅಮ್ಮಾನ್‌ನಲ್ಲಿ ನಮ್ಮ ಮೇಲಿನ ಮಹಡಿಯ ಅಜ್ಜಿ ಮಾತ್ರ ತಟ್ಟೆಯಲ್ಲಿ ಚಮಚ ಆಡಿಸಿ ಆಡಿಸಿ, ‘ಇದರಲ್ಲಿ ಬೇಳೆ ಎಲ್ಲಿದೆ ಮಗನೇ?’ ಎಂದರು. ಭರ್ತಿ ಒಂದು ಪಾವು ತೊಗರಿಬೇಳೆ ಸುರಿದಿದ್ದೆ. ಚುರುಕ್ಕೆಂದಿತು.

ಆಮೇಲೊಂದು ಶುಕ್ರವಾರ ತಮ್ಮ ಅಡುಗೆಮನೆಗೇ ಕರೆದು ಮುಜದ್ದರ ಎಂಬ ಮಸೂರದ ಅನ್ನ ಮಾಡಿ ತೋರಿಸಿದರು. ಅವರ ತವರು ಪ್ಯಾಲೆಸ್ಟೀನಿನ ನಾಬ್ಲಸ್ ಕಡೆ. ಸಿಪ್ಪೆ ತೆಗೆಯದ ಕಂದು ಮಸೂರ ಒಂದು ಲೋಟ, ಅಕ್ಕಿ ಒಂದು ಲೋಟ, ದಪ್ಪ ಈರುಳ್ಳಿ ನಾಲ್ಕು, ಜೀರಿಗೆ ಪುಡಿ, ಉಪ್ಪು, ಆಲಿವ್ ಎಣ್ಣೆ. ಇನ್ನೇನಾದರೂ ಹೊರಬರಬಹುದೆಂದು ಡಬ್ಬಿಗಳ ಸಾಲನ್ನೇ ನೋಡುತ್ತಿದ್ದೆ. ಬರಲಿಲ್ಲ.

ಕಾಳನ್ನು ಕುಕ್ಕರಿಗೆ ಹಾಕುವುದಿಲ್ಲ. ಪಾತ್ರೆಯಲ್ಲಿ ಹದಿನೈದಿಪ್ಪತ್ತು ನಿಮಿಷ, ಉಗುರಲ್ಲಿ ಒತ್ತಿದರೆ ಮುರಿಯುವಷ್ಟು ಬೆಂದರೆ ಸಾಕು. ನೆನೆದ ಅಕ್ಕಿ ಸೇರಿಸಿ, ಮುಚ್ಚಿ, ಸಣ್ಣ ಉರಿ. ಅಜ್ಜಿಯ ಗಮನವೆಲ್ಲ ಇನ್ನೊಂದು ಒಲೆಯ ಈರುಳ್ಳಿ ಮೇಲೆ. ಹೊಂಬಣ್ಣ ಬಂದಾಗ ‘ಆಯ್ತಲ್ಲ’ ಎಂದೆ. ‘ಇನ್ನೂ ಹಸಿ’ ಎಂದರು. ಕಂದಾಯಿತು, ಆದರೂ ಬಿಡಲಿಲ್ಲ. ಇನ್ನೊಂದು ಗಳಿಗೆ ಬಿಟ್ಟರೆ ಸೀದೇ ಹೋಯಿತು ಎನ್ನುವಾಗ ಅರ್ಧವನ್ನು ಮೇಲೆ ಹರಡಲು ತೆಗೆದಿಟ್ಟು, ಉಳಿದದ್ದನ್ನು ಎಣ್ಣೆ ಸಮೇತ ಪಾತ್ರೆಗೆ ಸುರಿದರು. ಅನ್ನದ ಬಣ್ಣ, ಸಿಹಿ, ಒಂಚೂರು ಕಹಿ ಎಲ್ಲ ಆ ಎಣ್ಣೆಯದೇ. ಅದೂ ಅಂಗಡಿಯ ಸೀಸೆಯದಲ್ಲ; ನಮ್ಮ ಕಾರ್ತೀಕದ ಹೊತ್ತಿಗೆ ಕಾಯಿ ಕೊಯ್ದು ಗಾಣ ಆಡಿದ ಮೇಲೆ ಅಜ್ಲೂನ್ ಬೆಟ್ಟದ ಕಡೆಯಿಂದ ವರ್ಷಕ್ಕಾಗುವಷ್ಟು ತಗಡಿನ ಡಬ್ಬದಲ್ಲಿ ತರಿಸಿಡುತ್ತಾರೆ.

ತಟ್ಟೆಗೆ ಬಂದಾಗ ಕಾಳು ಕಾಳಾಗಿಯೇ ಇತ್ತು, ಅಕ್ಕಿ ಅಕ್ಕಿಯಾಗಿಯೇ. ನಾವೇನು ಮಾಡುತ್ತೇವೆ? ಐದು ವಿಷಲ್ ಕೂಗಿಸಿ ಬೇಳೆಯನ್ನು ನುಣ್ಣಗೆ ಮಾಡಿ, ಚಕ್ಕೆ, ಲವಂಗ, ಮರಾಠಿ ಮೊಗ್ಗು, ಕೊಬ್ಬರಿ, ಹುಣಸೆ, ಬೆಲ್ಲ, ಅದರ ಮೇಲೆ ತುಪ್ಪ, ತುಪ್ಪದ ಮೇಲೆ ಖಾರಾಬೂಂದಿ. ಮದುವೆ ಮನೆಯ ಗಲಾಟೆಯಲ್ಲಿ ಮದುಮಗಳೇ ಕಾಣದ ಹಾಗೆ. ಹದಿನಾಲ್ಕನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಬಂದುಹೋದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಹಿಂದೂಸ್ತಾನದವರು ಹೆಸರುಕಾಳು ಮತ್ತು ಅಕ್ಕಿ ಬೇಯಿಸಿ ತುಪ್ಪ ಹಾಕಿ ಉಣ್ಣುವುದನ್ನು ಬರೆದಿಟ್ಟಿದ್ದಾನೆ. ಆ ಸಾಲಿನಲ್ಲಿ ಮಸಾಲೆಯ ಸುದ್ದಿಯೇ ಇಲ್ಲ. ಈ ಪುಡಿಗಳ ಹುಚ್ಚು ನಮಗೆ ಯಾವಾಗ ಹಿಡಿಯಿತೋ!

ಹಾಗೆಂದು ಮುಜದ್ದರವೂ ಹುಟ್ಟಿದಂದಿನಿಂದ ಇಷ್ಟೇ ಸರಳವಾಗಿರಲಿಲ್ಲ. 1226ರ ಬಾಗ್ದಾದಿನ ಒಂದು ಅಡುಗೆ ಪುಸ್ತಕದಲ್ಲಿ ಅದಕ್ಕೆ ಮಾಂಸವೂ ಬೀಳುತ್ತಿತ್ತು. ಈಗ ಇದು ಬಡವರ ಊಟ. ಇಲ್ಲಿನ ಕ್ರೈಸ್ತರಿಗೆ ಈಸ್ಟರ್‌ಗೆ ಮುಂಚಿನ ಉಪವಾಸದ ಊಟ. ಉಪವಾಸಕ್ಕೆ ನಾಲ್ಕು ಈರುಳ್ಳಿ ಎಂದದ್ದಕ್ಕೆ ನಮ್ಮತ್ತೆ ಫೋನಿನಲ್ಲಿ, ‘ಒಪ್ಪೊತ್ತಿನ ದಿನ ಈರುಳ್ಳೀನಾ? ಸುಮ್ನಿರಪ್ಪ’ ಎಂದು ಮಾತು ಬದಲಿಸಿದರು.

ನಾನು ದೂರಿದ್ದಕ್ಕೆಲ್ಲ ಒಂದು ಬಸ್ಸಾರು ಸಾಕು ಉತ್ತರವಾಗಿ, ಒಪ್ಪಿಕೊಳ್ಳಲೇಬೇಕು. ಮಂಡ್ಯದಲ್ಲಿ ನಮ್ಮಜ್ಜಿ ಕಾಳನ್ನು ಬೇಯಿಸಿ, ಬಸಿದು, ಕಟ್ಟನ್ನು ಸಾರಿಗೆ, ಕಾಳನ್ನು ಪಲ್ಯಕ್ಕೆ ಬೇರೆ ಮಾಡುತ್ತಿದ್ದಳು. ಒಂದು ಕಾಳೂ ಒಡೆಯುತ್ತಿರಲಿಲ್ಲ, ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಬೇಳೆಯನ್ನು ಕರಗಿಸಿದ್ದು ಊರಲ್ಲ, ನನ್ನ ಕುಕ್ಕರು.

ಇನ್ನೊಂದು ಮಾತು. ಮುಜದ್ದರ ಒಣಕಲು. ಇವರು ಮೊಸರು, ಸೌತೆಕಾಯಿ–ಟೊಮೆಟೊ ಇಟ್ಟುಕೊಂಡು ಚಮಚದಲ್ಲಿ ತಿನ್ನುತ್ತಾರೆ. ಕಲಸಿ ಉಂಡು ಬೆಳೆದ ಗಂಟಲಿಗೆ ಎರಡನೇ ತುತ್ತಿಗೇ ತಡೆಯುತ್ತದೆ. ಅದಕ್ಕೇ ಮನೆಯಲ್ಲಿ ಮಾಡಿದ ದಿನ ಪಕ್ಕದ ಒಲೆಯ ಮೇಲೆ ಮೆಣಸಿನ ಸಾರು ಕುದಿಯುತ್ತಿರುತ್ತದೆ. ಮಹಡಿಯ ಅಜ್ಜಿ ಮೆಟ್ಟಿಲಿಳಿಯುವ ಸದ್ದು ಕೇಳಿದರೆ ಮುಚ್ಚಳ ಮುಚ್ಚುತ್ತೇನೆ.